ಹಿತ್ತಲ ಬಾಗಿಲಿಂದ ಬರುವವರು

ಚೆಸ್ ಆಡೋರಲ್ಲಿ ಎರಡು ಥರ. ಮೊದಲನೆಯವರು ಸೀದಾ ಹೆಬ್ಬಾಗಿಲಿಗೇ ಬಂದು ಕದ ತಟ್ಟುವವರು. ರಾಜನ ಮುಂದಿನ ಪದಾತಿ, ಇಲ್ಲಾಂದ್ರೆ ಮಂತ್ರಿ ಮುಂದಿನ ಪದಾತಿ, ಎರಡು ಮನೆ ಮುಂದಕ್ಕೆ. ಇವರ ಜೊತೆ ಹೇಗೆ ಆಡಬೇಕು ಅಂತ ಎಲ್ಲ ಪುಸ್ತಕಗಳೂ ಹೇಳಿಕೊಡುತ್ತವೆ. ಎರಡನೆಯವರು ಹಿತ್ತಲ ಬಾಗಿಲಿನವರು. ಸಿ4 ಅಂತಾರೆ, ಕುದುರೆ ಎಫ್3 ಅಂತಾರೆ, ಜಿ3 ಅಂತಾರೆ, ಬಿ3 ಅಂತಾರೆ... ನಡು ಅಂಗಳಕ್ಕೆ ಮಾತ್ರ ಕಾಲಿಡಲ್ಲ. ನಾವು ಕಂಠಪಾಠ ಮಾಡಿಕೊಂಡು ಹೋಗಿದ್ದೆಲ್ಲ ಅಲ್ಲಿಗೆ ಉಪಯೋಗಕ್ಕಿಲ್ಲ!

ಸಿದ್ದಾಪುರದಲ್ಲಿರೋ ಅಕ್ಕನ ಮಗನಿಗೆ ಆಗಿದ್ದೂ ಅದೇ. ಏಳನೇ ಕ್ಲಾಸು. ಕೋಚ್ ಇಲ್ಲ, ಇರೋದು ಒಂದು ಮೊಬೈಲು, ಒಂದು ಹಳೇ ಬೋರ್ಡು. ಶಿರಸಿಯಲ್ಲೊಂದು ಟೂರ್ನಮೆಂಟಿಗೆ ಹೋಗಿ ಕಪ್ಪು ಕಾಯಿ ಸಿಕ್ಕಿದ ಮೂರಾಟದಲ್ಲಿ ಮೂರನ್ನೂ ಸೋತು ಬಂದ. ಮೂವರೂ ಪಕ್ಕದಿಂದ ಆಡಿದವರೇ. ಫೋನಿನಲ್ಲಿ ಅವನ ಮೊದಲ ಪ್ರಶ್ನೆ, "ಮಾವಾ, ಅವ್ರೆಲ್ಲ ಎಂತಕ್ಕೆ ಸರಿಯಾಗಿ ಆಡ್ತ್ವಿಲ್ಲೆ?" ಹಿಂದಿನಿಂದ ಅಕ್ಕನ ದನಿ. ಇನ್ನೊಂದು ಸಲ ಹಿಂಗಾದ್ರೆ ಬೋರ್ಡು ಅಟ್ಟಕ್ಕೆ, ಎಸ್ಸೆಲ್ಸಿ ಮುಗಿಯೋ ತನಕ ಕೆಳಗಿಳಿಸೋ ಹಾಗಿಲ್ಲ ಅಂತ. ಅಕ್ಕ ಹೇಳಿದ್ದನ್ನು ಮಾಡೋಳೇ.

ಮುಂದಿನ ಟೂರ್ನಮೆಂಟಿಗೆ ಒಂದು ತಿಂಗಳಿತ್ತು. ದಿನಕ್ಕೆ ಅವನಿಗೆ ಸಿಗೋದು ಅರ್ಧ ಗಂಟೆ. ಇಂಟರ್ನೆಟ್ಟಿನಲ್ಲಿ ಒಂದೊಂದು ಓಪನಿಂಗಿಗೂ ನೂರಾರು ಕವಲು ಸಿಗುತ್ತವೆ, ಅಷ್ಟನ್ನೂ ತಲೆಗೆ ತುಂಬೋಕೆ ಹೊರಟರೆ ಹುಡುಗನ ಕತೆ ಮುಗೀತು. ನಂಗೆ ಬೇಕಿದ್ದು ಯಾವ ಹಿತ್ತಲ ಬಾಗಿಲಿಂದ ಬಂದರೂ ನಡೆಯೋ ಒಂದೇ ಉತ್ತರ.

ಅದು ಸಿಕ್ಕಿದ್ದು 1924ರ ನ್ಯೂಯಾರ್ಕ್ ಟೂರ್ನಮೆಂಟಿನಲ್ಲಿ. ಎಂಟು ವರ್ಷದಿಂದ ಒಂದಾಟವನ್ನೂ ಸೋಲದಿದ್ದ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾನನ್ನು ಅಲ್ಲಿ ರಿಚರ್ಡ್ ರೇಟಿ ಸೋಲಿಸಿದ್ದ, ಇದೇ ಪಕ್ಕದ ಆಟದಿಂದ. ಈ ಕತೆ ಬಹಳ ಜನಕ್ಕೆ ಗೊತ್ತು. ಆದರೆ ಅದೇ ಟೂರ್ನಮೆಂಟಿನಲ್ಲಿ ರೇಟಿ ಅದೇ ಥರದ ಆಟ ಇಟ್ಟುಕೊಂಡು ಎಮ್ಯಾನುಯೆಲ್ ಲಾಸ್ಕರ್ ಎದುರು ಕೂತ. ಲಾಸ್ಕರನಿಗೆ ಆಗ 55 ವರ್ಷ. ಕಪ್ಪು ಕಾಯಿ ಹಿಡಿದು ಡಿ5, ಸಿ6 ಪದಾತಿ ಇಟ್ಟ, ಒಂಟೆಯನ್ನು ಎಫ್5ಕ್ಕೆ ತಂದ, ಆಮೇಲೆ ಇ6 ಆಡಿದ. ಎಲ್ಲ ಸಜ್ಜಾದ ಮೇಲೆ ಆ ಪದಾತಿಯನ್ನು ಇ5ಕ್ಕೆ ತಳ್ಳಿದ. ಆಟ ಗೆದ್ದ, ಟೂರ್ನಮೆಂಟನ್ನೂ ಗೆದ್ದ.

ಇದು ಯಾಕೆ ಕೆಲಸ ಮಾಡುತ್ತೆ ಅಂದ್ರೆ, ಪಕ್ಕದಿಂದ ಆಡುವವನ ಬಲವೆಲ್ಲ ಜಿ2ರಲ್ಲಿ ಕೂತ ಒಂಟೆಯಲ್ಲಿರುತ್ತೆ. ಅದು ಓರೆಯಾಗಿ ನಮ್ಮ ಡಿ5ರ ಮೇಲೇ ಕಣ್ಣಿಟ್ಟಿರುತ್ತೆ. ಡಿ5ಕ್ಕೆ ಸಿ6 ಪದಾತಿಯ ಆಸರೆ ಇದ್ದರೆ ಆ ಒಂಟೆ ಕಲ್ಲಿಗೆ ತಲೆ ಚಚ್ಚಿಕೊಂಡ ಹಾಗೆ. ಇನ್ನು ಸಿ8ರ ನಮ್ಮ ಒಂಟೆ. ಎಷ್ಟೋ ಆಟಗಳಲ್ಲಿ ಇ6 ಪದಾತಿಯ ಹಿಂದೆ ಸಿಕ್ಕಿಹಾಕಿಕೊಂಡು ಆಟ ಮುಗಿಯೋ ತನಕ ಮಲಗಿರೋದು ಅದೇ. ಬಿಳಿಯವನು ನಿಧಾನಕ್ಕೆ ಆಡ್ತಿದಾನಲ್ಲ, ಅಷ್ಟರೊಳಗೆ ಅದನ್ನು ಹೊರಗೆ ತಂದುಬಿಡಬಹುದು. ಇ6 ಆಮೇಲೆ.

ಇನ್ನೊಂದು ಲಾಭ. ನಮ್ಮ ಹುಡುಗ ಇ4ಕ್ಕೆ ಕಾರೋ-ಕಾನ್, ಡಿ4ಕ್ಕೆ ಸ್ಲಾವ್ ಆಡೋನು. ಎರಡರಲ್ಲೂ ಇರೋದು ಇದೇ ಸಿ6-ಡಿ5 ಜೋಡಿ. ಬಿಳಿಯವನು ನಡುವೆ ಮನಸ್ಸು ಬದಲಾಯಿಸಿ ಡಿ4 ಆಡಿದರೆ ಸ್ಲಾವ್ ಆಯ್ತು. ಸಿ4ಕ್ಕೆ ಮೊದಲು ಸಿ6 ಆಡಿ, ಅವನು ಇ4 ಅಂದರೆ ನಾವು ಡಿ5, ಕಾರೋ-ಕಾನ್ ಆಯ್ತು. ಇದನ್ನ ಅವನಿಗೆ ಹೇಳಿದ್ದು ಹೀಗೆ: ಬೆಂಗಳೂರಿಂದ ಹಾವೇರಿ ಮೇಲೆ ಬಾ, ಸಾಗರ-ಸಿದ್ದಾಪುರದ ಮೇಲೆ ಬಾ, ಹುಬ್ಬಳ್ಳಿ-ಯಲ್ಲಾಪುರದ ಮೇಲೆ ಬಾ, ಕೊನೆಗೆ ಇಳಿಯೋದು ಶಿರಸಿಯಲ್ಲೇ. ಅವನು ಯಾವ ದಾರಿ ಹಿಡಿದ ಅನ್ನೋದು ಬಿಡು, ನಿನ್ನ ಸ್ಟ್ಯಾಂಡು ಎಲ್ಲಿದೆ ಅಂತ ನೆನಪಿಟ್ಕೋ.

ಹಾಗಂತ ಕಣ್ಣು ಮುಚ್ಚಿ ಆಡೋಕಾಗಲ್ಲ. ಒಂದು ಪುಟದಲ್ಲಿ ನಾಲ್ಕು ಎಚ್ಚರಿಕೆ ಬರೆದು ಕಳಿಸಿದೆ. ಒಂದು, ಒಂಟೆ ಹೊರಗೆ ಹೋದ ಮೇಲೆ ಬಿ7 ಪದಾತಿಗೆ ಕಾವಲಿಲ್ಲ. ಅವನ ಮಂತ್ರಿ ಬಿ3ಕ್ಕೆ ಬಂದರೆ ಗಾಬರಿಯಾಗದೆ ನಿನ್ನ ಮಂತ್ರಿಯನ್ನು ಬಿ6ಕ್ಕೆ ತಾ. ಎರಡು, ಅವನ ಕುದುರೆ ಎಚ್4ಕ್ಕೆ ಹಾರಿ ಎಫ್5ರ ಒಂಟೆಯನ್ನು ಹಿಡಿಯೋಕೆ ನೋಡುತ್ತೆ. ಸಮಯ ನೋಡಿ ಎಚ್6 ಆಡಿಟ್ಟಿರು, ಒಂಟೆಗೆ ಎಚ್7ರಲ್ಲೊಂದು ಮನೆ ಇರಲಿ. ಮೂರು, ಕಿಂಗ್ಸ್ ಇಂಡಿಯನ್ ಅಟ್ಯಾಕ್. ಇ6 ಆಡಿ ಸುಮ್ಮನೆ ಕೂತವರ ಮೇಲೆ ಇ5 ಪದಾತಿ ನುಗ್ಗಿಸಿ ರಾಜನನ್ನೇ ಹಿಡಿಯೋ ಆಟ ಅದು. 1967ರಲ್ಲಿ ಸೂಸ್‌ನಲ್ಲಿ ಬಾಬಿ ಫಿಷರ್ ಮ್ಯಾಗ್ಮಾರ್ಸುರೆನ್ ಎದುರು ಆಡಿದ್ದು ನೋಡಿದರೆ ಭಯ ಆಗುತ್ತೆ. ಅಲ್ಲಿ ಒಂಟೆಯನ್ನು ಜಿ4ಕ್ಕೆ ತಂದು ನಾವೇ ಇ5 ಹಿಡಿದುಬಿಟ್ಟರೆ ಅವನಿಗೆ ನುಗ್ಗೋಕೆ ಜಾಗವೇ ಇಲ್ಲ. ನಾಲ್ಕು, ಬಿ3 ಆಡುವವನಿಗೆ ಸೀದಾ ಇ5. 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಲಾರ್ಸನ್ ಬಿ3 ಆಡಿ ಸ್ಪಾಸ್ಕಿ ಎದುರು 17 ನಡೆಯಲ್ಲಿ ಸೋತ ಆಟ ಇದೆಯಲ್ಲ, ಅದನ್ನು ಮೂರು ಸಲ ಬೋರ್ಡಿನ ಮೇಲೆ ಇಟ್ಟು ನೋಡು ಅಂದೆ. ಆನೆ ಎಚ್1ಕ್ಕೆ ಹೋಗಿ ತಾನೇ ಬಲಿಯಾಗೋ ನಡೆ ನೋಡಿ ಹುಡುಗ ಫೋನಿನಲ್ಲೇ ಕೂಗಿದ!

ಸರಿ, ಓದಿದ್ದಾಯ್ತು. ಆದರೆ ಅಭ್ಯಾಸಕ್ಕೆ ಎದುರು ಕೂರೋರು ಬೇಕಲ್ಲ? ಯಲ್ಲಾಪುರದ ಕಡೆ ನಮ್ಮ ನೆಂಟರ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಅವರು ಕಲಿತಿದ್ದು ಹಳೇ ಚದುರಂಗ. ಅದರಲ್ಲಿ ಪದಾತಿಗೆ ಎರಡು ಮನೆ ಹಾರೋ ಹಕ್ಕಿಲ್ಲ. ಕ್ಯಾಸ್ಲಿಂಗ್ ಇಲ್ಲ, ಬದಲಿಗೆ ರಾಜ ಒಂದು ಸಲ ಕುದುರೆ ಹಾಗೆ ನೆಗೆಯಬಹುದು. ಈಗ ಹೊಸ ನಿಯಮದಲ್ಲೇ ಆಡ್ತಾರೆ, ಆದರೆ ಕೈ ಹಳೇದು. ಜಿ3, ಬಿ3, ಡಿ3, ಇ3... ಒಂದೊಂದೇ ಮನೆ. ರಜೆಗೆ ಹುಡುಗನನ್ನು ಅಲ್ಲಿಗೇ ಕಳಿಸಿದ್ವಿ. ಮೊದಲ ದಿನ ಗಡಬಡೆ ಮಾಡಿದವನಿಗೆ ಅಜ್ಜ ಹೇಳಿದ್ದು ಒಂದೇ ಮಾತಂತೆ, "ಎಂತಕ್ಕಾ ಅಪ್ಪಿ ಅವಸರ? ರಾತ್ರಿ ಊಟದ ತನಕ ಟೈಮ್ ಇದ್ದು."

ತಮಾಷೆ ಏನು ಗೊತ್ತಾ? ಪಕ್ಕದ ಆಟಕ್ಕೂ ಅಜ್ಜನ ಹಳೇ ಕೈಗೂ ನಿಜವಾಗ್ಲೂ ನೆಂಟಸ್ತನ ಇದೆ. ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿ ಅನ್ನೋರು ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ ಜೊತೆ ನೂರಾರು ಆಟ ಆಡಿದ್ದರು. ದೇಸಿ ನಿಯಮದಲ್ಲಿ ಬೆಳೆದ ಕೈ, ಅದಕ್ಕೇ ಪದಾತಿ ಒಂದೊಂದೇ ಮನೆ, ಒಂಟೆ ಓರೆ ಮೂಲೆಯಲ್ಲಿ. ಜಗತ್ತಿನ ಪುಸ್ತಕಗಳಲ್ಲಿ ಇವತ್ತಿಗೂ 'ಇಂಡಿಯನ್ ಡಿಫೆನ್ಸ್' ಅಂತ ಹೆಸರಿರೋದು ಆ ರೀತಿಯ ಆಟದಿಂದ. ರೇಟಿ ಕಾಲದವರು ಅದನ್ನೇ 'ಹೈಪರ್‌ಮಾಡರ್ನ್' ಅಂದರು. ನಮ್ಮ ಅಜ್ಜ ಹೈಪರ್‌ಮಾಡರ್ನ್!

ಈಗ ಫಲಿತಾಂಶ. ಆರು ಸುತ್ತು, ಮೂರೂವರೆ ಪಾಯಿಂಟು. ಕಪ್ ಇಲ್ಲ, ಪದಕ ಇಲ್ಲ. ಪಕ್ಕದಿಂದ ಆಡಿದವರು ಇಬ್ಬರು ಸಿಕ್ಕಿದ್ದರು. ಒಂದು ಗೆದ್ದ, ಇನ್ನೊಂದು ಡ್ರಾ. ಅಕ್ಕ ಸ್ಕೋರ್ ಶೀಟನ್ನು ತಿರುಗಿಸಿ ಮುರುಗಿಸಿ ನೋಡಿ ಏನೂ ಹೇಳಲಿಲ್ಲವಂತೆ. ಅಟ್ಟದ ಮಾತು ಬರಲಿಲ್ಲ, ಅಷ್ಟು ಸಾಕು. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜಕುಮಾರ್. ಶಿವಮೊಗ್ಗದ ಸ್ಟ್ಯಾನಿ ಕೂಡ ಗ್ರ್ಯಾಂಡ್‌ಮಾಸ್ಟರ್ ಆದರು. ಶಿವಮೊಗ್ಗ ಸಿದ್ದಾಪುರಕ್ಕೇನು ದೂರ ಅಲ್ಲ. ನಮ್ಮ ಹುಡುಗ ಅಲ್ಲಿಗೆ ಮುಟ್ಟುತ್ತಾನೆ ಅಂತ ಹೇಳ್ತಿಲ್ಲ. ಕೋಚ್ ಇಲ್ಲದ ಊರಲ್ಲಿ ಒಂದು ಪುಟದ ಟಿಪ್ಪಣಿ, ಪುಕ್ಕಟೆ ಸಿಗೋ ಹಳೇ ಆಟಗಳು, ಎದುರಿಗೊಬ್ಬ ಅಜ್ಜ ಇದ್ದರೆ ಬೋರ್ಡು ಕೆಳಗೇ ಉಳಿಯುತ್ತೆ ಅಂತಷ್ಟೇ.

ನಿಮ್ಮೂರಲ್ಲೂ ಹಳೇ ನಿಯಮದಲ್ಲಿ ಆಡೋ ಹಿರಿಯರು ಇದ್ದರೆ ಒಂದು ಸಂಜೆ ಎದುರು ಕೂತು ನೋಡಿ, ಅವರ ನಡೆಗಳನ್ನು ಬರೆದಿಡಿ.

ಮೊನ್ನೆ ಹುಡುಗ ಮತ್ತೆ ಫೋನ್ ಮಾಡಿದ್ದ. "ಮಾವಾ, ಬಿಳಿ ಕಾಯಿ ಬಂದ್ರೆ ನಾನೂ ಜಿ3 ಆಡ್ಲಾ?"