ನೆಲ ನಡುಗಿತು, ಗೆರೆ ಅಲುಗಲಿಲ್ಲ

ನಮ್ಮ ಮುಳಗುಂದದ ಹಳೆಯ ಮೇಲ್ಮುದ್ದೆ ಮನೆಗಳನ್ನು ನೋಡಿದವರಿಗೆ ಗೊತ್ತು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಮಳೆಗೆ ಸೋರಿತು ಅಂದ್ರೆ ಮತ್ತೊಂದಿಷ್ಟು ಮಣ್ಣು. ಆ ಮಣ್ಣು ಹೊತ್ತು ಏರಿಸಿದ್ದು ನಮ್ಮ ಕೇರಿಯ ತಲೆಗಳು. ಬ್ಯಾಸಿಗ್ಯಾಗ ತಂಪು ಅಂತ ಎಲ್ಲರೂ ಹೊಗಳತಾರೆ. ಇಂಥವೇ ಮನೆಗಳು ಕಿಲ್ಲಾರಿಯಲ್ಲಿ ನಿಮಿಷದೊಳಗೆ ಗೋರಿಯಾದವು.

1993ರ ಸೆಪ್ಟೆಂಬರ್ 30. ನಸುಕಿನ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಬಾಕಿ. ಹಿಂದಿನ ದಿನ ಗಣಪತಿ ಕಳಿಸಿ ಮಂದಿ ಮಲಗಿದ್ದರು. ಮಹಾರಾಷ್ಟ್ರದ ಲಾತೂರ ಮತ್ತು ಆಗಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ ನೆಲ ನಡುಗಿತು. ತೀವ್ರತೆ 6.2. ಸತ್ತವರು ಹತ್ತಿರ ಹತ್ತಿರ 10,000. ನಕ್ಷೆಯಲ್ಲಿ ಆ ಸೀಮೆ ಆಗ ಅಪಾಯ ಎಲ್ಲಕ್ಕಿಂತ ಕಡಿಮೆ ಇರುವ ವಲಯದಲ್ಲಿತ್ತು.

ಕೊಂದದ್ದು ಭೂಮಿಯಲ್ಲ, ಭಾರ. ಮಣ್ಣಿನಲ್ಲಿ ಕಟ್ಟಿದ ಕಾಡುಗಲ್ಲಿನ ಗೋಡೆ ಅಡ್ಡ ಅಲುಗಾಟಕ್ಕೆ ಬಿಚ್ಚಿಕೊಂಡಿತು. ಮಾಳಿಗೆ ಅಷ್ಟೂ ಮಣ್ಣಿನ ಸಮೇತ ಮಲಗಿದವರ ಮೇಲೆ ಬಂತು. ಹುಲ್ಲಿನ ಗುಡಿಸಲುಗಳು ಹಗುರ. ಅವು ಹಾಗೆ ಕೊಲ್ಲಲಿಲ್ಲ. ಬಡತನ ಆ ಒಂದು ರಾತ್ರಿ ಕೆಲವರನ್ನು ಕಾಯ್ತು. ಆದರೆ ಅದನ್ನು ದೇವರ ನ್ಯಾಯ ಅನ್ನಲು ನಾವು ತಯಾರಿಲ್ಲ.

ಯಾಕಂದ್ರೆ ಈ ಮಾತಿನ ರುಚಿ ನಮಗೆ ಗೊತ್ತು. 1934ರ ಜನವರಿಯಲ್ಲಿ ಬಿಹಾರ ನಡುಗಿದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರ ಶಿಕ್ಷೆ ಅಂದರು ಗಾಂಧೀಜಿ. ರವೀಂದ್ರನಾಥ ಠಾಕೂರರು ಒಪ್ಪಲಿಲ್ಲ. ನಿಸರ್ಗದ ಘಟನೆಗೆ ನೀತಿಯ ಕಾರಣ ಹಚ್ಚಬಾರದು ಅಂದರು. ನಮ್ಮ ಪ್ರಶ್ನೆ ಇನ್ನೂ ಸರಳ. ಮುಟ್ಟದವರ ಪಾಪಕ್ಕೆ ಮುಟ್ಟಿಸಿಕೊಳ್ಳದವರೂ ಯಾಕೆ ಗೋಡೆಯಡಿ ಸಿಗಬೇಕು? ಅಸ್ಪೃಶ್ಯತೆಗೆ ಶಿಕ್ಷೆ ಆಗಬೇಕಾದ್ದು ಕೋರ್ಟಿನಲ್ಲಿ.

ಗೆಳೆಯರೇ, ನೆಲಕ್ಕೆ ಜಾತಿ ಗೊತ್ತಿಲ್ಲ. ಜಾತಿ ಬರೋದು ಮರುದಿನ, ಪರಿಹಾರದ ಲಾರಿ ಜೋಡಿ. 2001ರಲ್ಲಿ ಗುಜರಾತಿನ ಭೂಕಂಪದ ನಂತರ ದಲಿತರಿಗೆ, ಮುಸಲ್ಮಾನರಿಗೆ ಪರಿಹಾರ ಹಂಚುವಲ್ಲಿ ಭೇದ ಆಯಿತೆಂದು ಮಾನವ ಹಕ್ಕುಗಳ ಸಂಘಟನೆಗಳೇ ವರದಿ ಮಾಡಿದವು.

ಕಿಲ್ಲಾರಿ ಕಡೆ ಸರಕಾರ ವಿಶ್ವಬ್ಯಾಂಕಿನ ಸಾಲ ತಂದು ಹೊಸ ಊರುಗಳನ್ನು ಕಟ್ಟಿತು. ಸ್ಥಳಾಂತರಗೊಂಡ ಹಳ್ಳಿಗಳಲ್ಲಿ ಮನೆಯ ಅಳತೆಯನ್ನು ಹೊಲದ ಅಳತೆಯಿಂದ ನಿಶ್ಚಯಿಸಿದರು. ಹೊಲ ಇಲ್ಲದವರಿಗೂ ಒಂದು ಹೆಕ್ಟೇರಿನೊಳಗಿನವರಿಗೂ 250 ಚದರಡಿ. ಏಳು ಹೆಕ್ಟೇರಿನ ತನಕ 400. ಅದಕ್ಕೂ ಮೇಲಿದ್ದವರಿಗೆ 750. ಎಲ್ಲರ ಮನೆಯೂ ಬಿದ್ದಿತ್ತು, ಎಲ್ಲರ ಮನೆಯಲ್ಲೂ ಮಕ್ಕಳಿದ್ದರು. ಆದರೂ ಬಿದ್ದ ದೊಡ್ಡಸ್ತಿಕೆಯನ್ನೇ ಸಿಮೆಂಟಿನಲ್ಲಿ ಮತ್ತೆ ಎಬ್ಬಿಸಿದರು. ಅಲ್ಲಿ ಜಾತಿ ಅನ್ನೋ ಶಬ್ದ ಬರೆಯೋ ಅಗತ್ಯವೇ ಇರಲಿಲ್ಲ. ಹೊಲ ಯಾರ ಹೆಸರಿನಲ್ಲಿ ಅದಾವು ಅನ್ನೋದನ್ನ ತಲಾಠಿ ಪುಸ್ತಕ ಮೊದಲೇ ಬರೆದಿತ್ತು.

ಮುಳಗುಂದದ ಎರೆಭೂಮಿಯಲ್ಲಿ ನಿಂತು ನಾವು ಕೇಳುವುದು ಇಷ್ಟು. ಮಾಸ್ತರರು ಭೂಕಂಪದ ಪಾಠ ಮಾಡುವಾಗ ಮಾಳಿಗೆಯ ಭಾರವನ್ನೂ ಹೇಳಲಿ. ಗೋಡೆಗೆ ಆರಪಾರ ಕಲ್ಲು, ಬಾಗಿಲ ಮೇಲೆ ಸುತ್ತಲೂ ಕಾಂಕ್ರೀಟಿನ ಪಟ್ಟಿ, ಇವು ಊರಿಗೆ ಹ್ಯಾಂಗೋ ಕೇರಿಗೂ ಹಾಂಗೆ ಸಿಗಲಿ. ಮನೆ ಹಂಚುವ ದಿನ ಬಂದರೆ ಮನೆಯಾಗಿನ ತಲೆ ಎಣಿಸಲಿ, ಎಕರೆ ಎಣಿಸುವುದು ಬ್ಯಾಡ.