ಸಿ ಕೆಟಗರಿ, 18 ಲಕ್ಷ

ಮೊದಲೇ ಹೇಳಿಬಿಡುತ್ತೇವೆ. ನಾವು ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಎಲ್ಲಾದರೂ ಒತ್ತಕ್ಷರ ತಪ್ಪಿದ್ದರೆ ಕನ್ನಡ ಸಂಘದವರು ತಿದ್ದಿಕೊಳ್ಳಲಿ. ಆದರೆ ಈ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯಲು ನಮ್ಮಿಂದ ಆಗುವುದಿಲ್ಲ. ಕಬಡ್ಡಿಯ ಬಗ್ಗೆ ನಾವು ಇಷ್ಟರವರೆಗೆ ಇಂಗ್ಲಿಷಿನಲ್ಲಿ ಜಗಳ ಆಡಿಯೇ ಇಲ್ಲ.

"ನಾವು" ಅಂದರೆ ಹಾಸ್ಟೆಲಿನ ಒಂದೇ ರೂಮಿನ ನಾಲ್ಕು ಮಂದಿ. ಇಬ್ಬರು ಪುತ್ತೂರು ಕಡೆಯವರು, ಒಬ್ಬ ಸುಳ್ಯ, ಒಬ್ಬ ಕಡಬ. ಕಡಬ ತಾಲೂಕು ಆದದ್ದೇ ಮೊನ್ನೆ ಮೊನ್ನೆ, ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಸೇರಿಸಿ. ಹಾಗಾಗಿ ಯಾವ ಆಟಗಾರ ಯಾವ ತಾಲೂಕಿನವ ಎಂಬ ಚರ್ಚೆ ನಮ್ಮಲ್ಲಿ ಬೇಗ ಮುಗಿಯುವುದಿಲ್ಲ. ಇದನ್ನು ಟೈಪ್ ಮಾಡುತ್ತಿರುವ ಕೈ ಒಂದೇ. ಆದರೆ ಮುಂದೆ ಹೇಳುವ ತಪ್ಪು ನಾಲ್ಕೂ ಜನರದ್ದು. ಅದಕ್ಕೇ "ನಾವು".

2025ರ ಮೇ 31, ಶನಿವಾರ. ಸೆಕೆಂಡ್ ಸೆಮ್‌ನ ಇಂಟರ್ನಲ್ಸ್ ತಲೆ ಮೇಲೆ ಇತ್ತು. ಆ ವರ್ಷ ಮಳೆ ಬೇಗ ಬಂದಿತ್ತು, ಕರೆಂಟು ಹೋಗಿ ಬಂದು ಮಾಡ್ತಿತ್ತು. ನಾವು ಮಾತ್ರ ಒಂದು ಮೊಬೈಲನ್ನು ಬಕೆಟಿಗೆ ಒರಗಿಸಿ ಇಟ್ಟು ಪ್ರೊ ಕಬಡ್ಡಿ 12ನೇ ಸೀಸನ್ನಿನ ಹರಾಜು ನೋಡುತ್ತಿದ್ದೆವು. ಮುಂಬೈಯಲ್ಲಿ ಎರಡು ದಿನದ ಹರಾಜು, ಪಟ್ಟಿಯಲ್ಲಿ 500ಕ್ಕೂ ಹೆಚ್ಚು ಹೆಸರು. ಒಂದು ತಂಡಕ್ಕೆ ಖರ್ಚು ಮಾಡಲು 5 ಕೋಟಿ. ಎ ಕೆಟಗರಿಯ ಮೂಲ ಬೆಲೆ 30 ಲಕ್ಷ, ಬಿ 20, ಸಿ 13, ಡಿ 9. ಹಳೆಯ ತಂಡದ ಹತ್ತಿರ ಎಫ್‌ಬಿಎಂ ಕಾರ್ಡ್ ಇದ್ದರೆ, ಬೇರೆಯವರು ಕೂಗಿದ ಕೊನೆಯ ಬೆಲೆಗೇ ತನ್ನ ಆಟಗಾರನನ್ನು ವಾಪಸ್ ಎಳೆದುಕೊಳ್ಳಬಹುದು. ಇದೆಲ್ಲ ನಮಗೆ ಬಾಯಿಪಾಠ. ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಕೇಳಬೇಡಿ.

ಹರಾಜಿಗೆ ಒಂದು ವಾರ ಮೊದಲೇ ನಾವು ಒಂದು ಎಕ್ಸೆಲ್ ಶೀಟ್ ಮಾಡಿದ್ದೆವು. ಯಾರು ಯಾವ ತಂಡಕ್ಕೆ, ಎಷ್ಟಕ್ಕೆ ಅಂತ. ಇದು ನಮ್ಮದೇ ಹುಚ್ಚು ಅಂದುಕೊಂಡಿದ್ದೆವು. ಆಮೇಲೆ ನೋಡಿದರೆ ಅಮೆರಿಕದ ಬೇಸ್‌ಬಾಲಿನವರು ನಮಗಿಂತ ಎಷ್ಟೋ ಮುಂದೆ ಇದ್ದಾರೆ. ಅಲ್ಲಿ ಹೊಸ ಹುಡುಗರಿಗೆ ಹರಾಜಲ್ಲ, ಡ್ರಾಫ್ಟ್. 1965ರಿಂದ ಉಂಟು. ಹೈಸ್ಕೂಲಿನಲ್ಲಿ, ಕಾಲೇಜಿನಲ್ಲಿ ಆಡುವ ಹುಡುಗರ ಹೆಸರನ್ನು ತಂಡಗಳು ಸರದಿಯ ಮೇಲೆ ಕರೆಯುತ್ತವೆ. ಈಗ 20 ಸುತ್ತು, ಮೊದಲು ಇನ್ನೂ ಜಾಸ್ತಿ ಇತ್ತು. ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಅಭಿಮಾನಿಗಳು ಕೂತು ಮಾಕ್ ಡ್ರಾಫ್ಟ್ ಬರೆಯುತ್ತಾರೆ. ಮಾಕ್ ಅಂದಕೂಡಲೇ ನಮಗೆ ಕೆಇಎಯ ಮಾಕ್ ಅಲಾಟ್‌ಮೆಂಟ್ ನೆನಪಾಯಿತು. ಮಾಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಬಂದು, ನಿಜದ ರೌಂಡಿನಲ್ಲಿ ಸಿವಿಲ್ ಬಂದವನು ನಮ್ಮ ರೂಮಿನಲ್ಲೇ ಇದ್ದಾನೆ. ಮಾಕ್ ಲಿಸ್ಟನ್ನು ಅಜ್ಜಿಗೆ ತೋರಿಸಿ ಪಾಯಸ ಮಾಡಿಸಿದ್ದನಂತೆ.

ನಮ್ಮ ಶೀಟ್ ಎಷ್ಟು ಸರಿ ಬಂತು ಅಂತ ಕೇಳಿದರೆ, ಬಂದಿಲ್ಲ. ದೇವಾಂಕ್ ದಲಾಲ್ ಬೆಂಗಳೂರು ಬುಲ್ಸ್‌ಗೆ ಅಂತ ಬರೆದಿದ್ದೆವು, ಬೆಂಗಾಲ್ 2.205 ಕೋಟಿ ಕೊಟ್ಟು ಎತ್ತಿಕೊಂಡು ಹೋಯಿತು. ಬುಲ್ಸ್ 1.125 ಕೋಟಿ ಹಾಕಿದ್ದು ರೈಡರ್‌ಗಲ್ಲ, ಡಿಫೆಂಡರ್ ಯೋಗೇಶ್ ದಹಿಯಾಗೆ. ಪರ್ದೀಪ್ ನರ್ವಾಲ್‌ಗೆ 40 ಲಕ್ಷ ಅಂತ ಹಾಕಿದ್ದೆವು. 2021ರಲ್ಲಿ 1.65 ಕೋಟಿಗೆ ಹೋದವನು, ಲೀಗಿನಲ್ಲಿ ಅವನಷ್ಟು ರೈಡ್ ಪಾಯಿಂಟ್ ಮಾಡಿದವರಿಲ್ಲ. ಅವನ ಹೆಸರು ಕರೆದರು. ಯಾರೂ ಕೈ ಎತ್ತಲಿಲ್ಲ. ಅನ್‌ಸೋಲ್ಡ್. ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಸ್ವಲ್ಪ ದಿನದಲ್ಲಿ ಅವನು ಪ್ರೊ ಕಬಡ್ಡಿಗೆ ವಿದಾಯ ಹೇಳಿದ. ಇನ್ನು, 50 ಲಕ್ಷದ ಒಳಗೆ ಬುಲ್ಸ್‌ಗೆ ಸಿಕ್ಕ ಇರಾನಿನ ಅಲಿರೇಜಾ ಮಿರ್ಜಾಯಿಯಾನ್ ಇಡೀ ಸೀಸನ್ ತಂಡವನ್ನು ಎಳೆದ. ಅವನ ಹೆಸರೇ ನಮ್ಮ ಶೀಟಿನಲ್ಲಿ ಇರಲಿಲ್ಲ.

ಈ ಚಟ ಹತ್ತಿದ್ದು ಯಾವಾಗ ಅಂದರೆ 2018ರಲ್ಲಿ. ನಾವು ಏಳನೇ ಕ್ಲಾಸಿಗೆ ಕಾಲಿಡುವ ಹೊತ್ತು. ಆ ಹರಾಜಿನಲ್ಲಿ ಪುತ್ತೂರಿನ ಪ್ರಶಾಂತ್ ಕುಮಾರ್ ರೈಯವರನ್ನು ಯುಪಿ ಯೋಧಾ 79 ಲಕ್ಷಕ್ಕೆ ತೆಗೆದುಕೊಂಡಿತು. 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬಂದದ್ದು ರಾಕೇಶ್ ಕುಮಾರ್‌ಗೆ, ಅದೂ 12.80 ಲಕ್ಷ. ನಾಲ್ಕೇ ವರ್ಷದಲ್ಲಿ ನಮ್ಮ ಊರಿನ ಒಬ್ಬರಿಗೆ 79! ಬಸ್ಸಿನಲ್ಲಿ, ಸೆಲೂನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಅದೇ ಮಾತು. 2022ರ ಫೆಬ್ರವರಿಯಲ್ಲಿ ಅವರು ಪಟ್ನಾ ಪೈರೇಟ್ಸ್ ಕ್ಯಾಪ್ಟನ್ ಆಗಿ ಫೈನಲ್ ಆಡಿದಾಗ ನಮಗೆ ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ. ಡೆಲ್ಲಿ ಎದುರು 37-36, ಒಂದೇ ಪಾಯಿಂಟಿಗೆ ಸೋಲು. ಮರುದಿನ ಟ್ಯೂಷನ್ನಿನಲ್ಲಿ ಯಾರಿಗೂ ಪಾಠ ತಲೆಗೆ ಹೋಗಲಿಲ್ಲ.

ಒಬ್ಬರು ಹೋದ ದಾರಿ ಕಣ್ಣಿಗೆ ಕಂಡ ಮೇಲೆ ಊರಿನವರೆಲ್ಲ ಮುಂದಿನವ ಯಾರು ಅಂತ ಹುಡುಕುತ್ತಾರೆ. ನಾವೂ ಹುಡುಕಿದೆವು. ಸಿಕ್ಕಿದ್ದು ಪಕ್ಕದ ರೂಮಿನಲ್ಲಿ.

ಅವನ ಹೆಸರು ಇಲ್ಲಿ ಹಾಕುವುದಿಲ್ಲ. ಕಡಬ ಕಡೆಯವ, ಲೆಫ್ಟ್ ಕಾರ್ನರಿನಲ್ಲಿ ಆಡುತ್ತಾನೆ, ಹಾಸ್ಟೆಲಿನಲ್ಲಿ ಎಲ್ಲರೂ "ಕಾರ್ನರ್" ಅಂತಲೇ ಕರೆಯುವುದು. ಮನೆಯಲ್ಲಿ ಸ್ವಲ್ಪ ಅಡಿಕೆ, ಸ್ವಲ್ಪ ರಬ್ಬರ್. ಮಣ್ಣಿನ ಅಂಕಣದಲ್ಲಿ ಆಡಿ ಬೆಳೆದವ, ಮ್ಯಾಟಿನ ಶೂ ಹಾಕಿದ್ದೇ ಕಾಲೇಜಿಗೆ ಬಂದ ಮೇಲೆ. ರೈಡರಿನ ಆಂಕಲ್ ಹಿಡಿದನೆಂದರೆ ಮುಗೀತು, ಬಿಡಿಸಿಕೊಳ್ಳಲಿಕ್ಕಿಲ್ಲ. ಆ ವರ್ಷ ಮೇ ತಿಂಗಳಲ್ಲಿ ಅವನು ಬೆಂಗಳೂರಿನಲ್ಲಿ ಒಂದು ಟ್ರಯಲ್ಸಿಗೆ ಹೋಗಿ ಬಂದಿದ್ದ. ಪ್ರೊ ಕಬಡ್ಡಿಯಲ್ಲಿ ಹೊಸ ಹುಡುಗರಿಗೆ ನ್ಯೂ ಯಂಗ್ ಪ್ಲೇಯರ್ ಎಂಬ ಬೇರೆಯೇ ಬಾಗಿಲು ಉಂಟು. ಟಿವಿಯಲ್ಲಿ ಸುತ್ತಿಗೆ ಬಡಿಯುವ ಹರಾಜಿನ ಮೂಲಕ ಅಲ್ಲ, ತಂಡಗಳೇ ನೋಡಿ ಆರಿಸಿಕೊಳ್ಳುವುದು. ಡೆಲ್ಲಿಯ ನವೀನ್ ಕುಮಾರ್ ಹಾಗೆ ಬಂದವನೇ. ರಾತ್ರಿ ಬಸ್ಸಿನಲ್ಲಿ ಹೋಗಿ, ತೂಕ ಕೊಟ್ಟು, ಕೆಲವೇ ನಿಮಿಷ ಆಡಿ, ರಾತ್ರಿ ಬಸ್ಸಿನಲ್ಲೇ ವಾಪಸ್ ಬಂದ. "ಎಂತ ಹೇಳಿದ್ರಾ?" ಅಂತ ಕೇಳಿದರೆ, "ಹೇಳ್ತೇವೆ ಅಂದಿದ್ದಾರೆ" ಅಂದ. ಅಷ್ಟೇ.

ನಮಗೆ ಅಷ್ಟು ಸಾಕಿತ್ತು. ಶೀಟಿನ ಕೊನೆಯ ಸಾಲಿನಲ್ಲಿ ಅವನ ಹೆಸರು ಹಾಕಿದೆವು. ಲೆಫ್ಟ್ ಕಾರ್ನರ್, ಬೆಂಗಳೂರು ಬುಲ್ಸ್, ಸಿ ಕೆಟಗರಿ, 18 ಲಕ್ಷ. ಹೊಸಬರು ಆ ದಾರಿಯಲ್ಲಿ ಬರುವುದಿಲ್ಲ ಅಂತ ನಮಗೆ ಗೊತ್ತಿತ್ತು. ತಮಾಷೆಗೆ ಹಾಕಿದ್ದು. ಪ್ರೀತಿಗೂ ಹೌದು. ಆದರೆ ಆ ಶೀಟನ್ನು ನಾವು ಚಂದ ಮಾಡಿದ್ದೆವು: ಮೇಲೆ ಲೀಗಿನ ಲೋಗೋ, ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿ ಹಸಿರು, ಹಳದಿ ಬಣ್ಣ. ಹಾಸ್ಟೆಲ್ ಗ್ರೂಪಿಗೆ ಕಳಿಸಿದೆವು. ಯಾರೋ ಅವನ ಸಾಲನ್ನು ಮಾತ್ರ ಕಟ್ ಮಾಡಿ ಊರಿನ ಗ್ರೂಪಿಗೆ ಹಾಕಿದರು, "ನಮ್ಮೂರ ಹುಡುಗ" ಅಂತ ಬರೆದು, ಕೆಳಗೆ ಕೈ ಮುಗಿಯುವ ಚಿತ್ರ. ಅಲ್ಲಿಂದ ಅದು ಎಲ್ಲಿಗೆಲ್ಲ ಹೋಯಿತೋ.

ಸೋಮವಾರ ಅವನ ಅಪ್ಪ ಬೆಳೆ ಸಾಲದ ಕೆಲಸಕ್ಕೆ ಸೊಸೈಟಿಗೆ ಹೋಗಿದ್ದರಂತೆ. ಕ್ಯೂನಲ್ಲಿ ನಿಂತ ಒಬ್ಬರು, "ಮಗನಿಗೆ 18 ಲಕ್ಷ ಅಂತೆ, ಇನ್ನು ನಿಮಗೆ ಸಾಲ ಎಂತಕ್ಕೆ?" ಅಂತ ನಗಾಡಿದರು. ಇನ್ನೊಬ್ಬರು ಮೊಬೈಲ್ ತೆಗೆದು ತೋರಿಸಿದರು. ಅಪ್ಪನ ಹತ್ತಿರ ಇರುವುದು ಬಟನ್ ಫೋನು. ಅವರಿಗೆ ಏನೂ ಗೊತ್ತಿಲ್ಲ. ಯಾಕೆಂದರೆ ಕಾರ್ನರ್ ಟ್ರಯಲ್ಸಿಗೆ ಹೋದದ್ದನ್ನೇ ಮನೆಯಲ್ಲಿ ಹೇಳಿರಲಿಲ್ಲ. ಕಾಲೇಜಿನಿಂದ ಇಂಡಸ್ಟ್ರಿಯಲ್ ವಿಸಿಟ್ ಅಂತ ಹೇಳಿ ದುಡ್ಡು ತಗೊಂಡಿದ್ದ.

ಆ ರಾತ್ರಿ ಫೋನ್ ಬಂದಾಗ ಅವನು ನಮ್ಮ ರೂಮಿನಲ್ಲೇ ಇದ್ದ. ತುಳುವಿನಲ್ಲಿ ಮಾತು. ನಮಗೆ ಕೇಳಿಸಿದ್ದು ಅವನ ಕಡೆಯದ್ದು ಮಾತ್ರ. "ಇಲ್ಲಪ್ಪ, ಅದು ಸುಳ್ಳು." ಸ್ವಲ್ಪ ಹೊತ್ತು ಸುಮ್ಮನೆ. "ಇಲ್ಲ, ಸಿಕ್ಕಲಿಲ್ಲ." ಮತ್ತೆ ಸುಮ್ಮನೆ. "ಹೂಂ, ಹೋಗಿದ್ದೆ." ಫೋನ್ ಇಟ್ಟು ನಮಗೆ ಒಂದೇ ಮಾತು ಹೇಳಿದ: "ದುಡ್ಡು ಎಷ್ಟು ಅಂತ ಅಪ್ಪ ಕೇಳಲೇ ಇಲ್ಲ. ಊರಿಗೆಲ್ಲ ಗೊತ್ತಿರುವುದು ನಮಗೆ ಯಾಕೆ ಹೇಳಲಿಲ್ಲ ಅಂತ ಕೇಳಿದ್ರು." ಎದ್ದು ಅವನ ರೂಮಿಗೆ ಹೋದ. ಬಾಗಿಲು ಜೋರಾಗಿ ಹಾಕಿದ್ದರೆ ನಮಗೆ ಸ್ವಲ್ಪ ಸಮಾಧಾನ ಆಗುತ್ತಿತ್ತೋ ಏನೋ. ಮೆಲ್ಲ ಹಾಕಿಕೊಂಡ.

ಟ್ರಯಲ್ಸಿನವರ ಫೋನು ಬರಲೇ ಇಲ್ಲ.

ಮುಂದಿನ ಭಾನುವಾರ ನಾವು ನಾಲ್ಕು ಮಂದಿ ಅವನ ಮನೆಗೆ ಹೋದೆವು. ಅವನೇ ಕರೆದುಕೊಂಡು ಹೋದದ್ದು, ದಾರಿಯುದ್ದಕ್ಕೂ ಜಾಸ್ತಿ ಮಾತಿಲ್ಲ. ಅವನ ಅಮ್ಮ ಪುನರ್ಪುಳಿ ಶರಬತ್ತು ಕೊಟ್ಟರು. ಅಪ್ಪ ತೋಟದಿಂದ ಬಂದು ಕಾಲು ತೊಳೆದು ಜಗಲಿಯಲ್ಲಿ ಕೂತರು. ನಾವು ಮೊದಲೇ ಬಾಯಿಪಾಠ ಮಾಡಿಕೊಂಡು ಹೋದದ್ದನ್ನು ಹೇಳಿದೆವು. "ಅಂಕಲ್, ತಪ್ಪು ನಮ್ಮದು. ತಮಾಷೆಗೆ ಮಾಡಿದ್ದು."

ಅವರು ಬೈಯಲಿಲ್ಲ. ತಾನೂ ಸಣ್ಣದಿರುವಾಗ ಆಡುತ್ತಿದ್ದೆ, 55 ಕೆಜಿ ವಿಭಾಗದಲ್ಲಿ, ಕೊಯ್ಲು ಆದ ಗದ್ದೆಯಲ್ಲಿ ಅಂತ ಹೇಳಿದರು. ಗೆದ್ದರೆ ಬಾಳೆಗೊನೆ, ಸೋತವರಿಗೂ ಅದರಲ್ಲೇ ಪಾಲು. ಆಮೇಲೆ ನಿಜವಾಗಿಯೂ ತಿಳಿದುಕೊಳ್ಳುವವರ ಹಾಗೆ ಕೇಳಿದರು: "ಅಲ್ಲ ಮಕ್ಕಳೇ, ಈ 18 ಲಕ್ಷ ಅಂತ ನೀವು ಲೆಕ್ಕ ಹಾಕಿದ್ದು ಹೇಗೆ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಪರೀಕ್ಷೆಯಲ್ಲಿ ಸ್ಟೆಪ್ಸ್ ಇಲ್ಲದೆ ಉತ್ತರ ಮಾತ್ರ ಬರೆದರೆ ಮಾರ್ಕ್ಸ್ ಇಲ್ಲ ಅಂತ ನಮಗೆ ಗೊತ್ತಿಲ್ಲದ್ದಲ್ಲ. 13ಕ್ಕಿಂತ ಜಾಸ್ತಿ ಇರಲಿ, 20ಕ್ಕಿಂತ ಕಡಿಮೆ ಇರಲಿ ಅಂತ ಹಾಕಿದ ಸಂಖ್ಯೆ ಅದು.

"ಅವನು ಆಡಿದ್ದು ಎಷ್ಟು ಮ್ಯಾಚ್ ನೋಡಿದ್ದೀರಿ?"

ನೆನಪು ಮಾಡಿ ಹೇಳಿದೆವು. ಮೂರು. ಅದರಲ್ಲಿ ಒಂದು ಅರ್ಧ.

ಬರುವಾಗ ಅವನ ಅಮ್ಮ ಹಲಸಿನ ಹಪ್ಪಳ ಕಟ್ಟಿ ಕೊಟ್ಟರು. ಬಸ್ಸಿನಲ್ಲಿ ನಾವು ಶೀಟ್ ಡಿಲೀಟ್ ಮಾಡುತ್ತೇವೆ ಅಂದೆವು. ಕಾರ್ನರ್ ಬೇಡ ಅಂದ. "ರೇಟಿನ ಕಾಲಂ ತೆಗೀರಿ ಮಾರಾಯ್ರೆ. ಮ್ಯಾಚ್ ನೋಡಿ. ನಾನು ಎಲ್ಲಿ ತಪ್ಪು ಕಾಲಿಡ್ತೇನೆ ಅಂತ ಬರೀರಿ. ನನಗೆ ಅದು ಹೇಳುವವರು ಯಾರೂ ಇಲ್ಲ."

ಹಾಗೆ ಶುರುವಾದದ್ದು. ಮಳೆ ನಿಂತ ಮೇಲೆ ಕಾಲೇಜು ಟೂರ್ನಮೆಂಟು, ಆಮೇಲೆ ಊರಿನ ಹೊನಲು ಬೆಳಕಿನ ಪಂದ್ಯಾಟಗಳು. ನಾವು ಒಬ್ಬರಲ್ಲ ಒಬ್ಬರು ಮೊಬೈಲ್ ಹಿಡಿದು ಎಂಡ್ ಲೈನಿನ ಹಿಂದೆ ನಿಂತು ವಿಡಿಯೋ ಮಾಡಿದೆವು. ಹನ್ನೊಂದು ಮ್ಯಾಚ್. ಪ್ರತಿ ಟ್ಯಾಕಲಿಗೂ ಒಂದು ಸಾಲು: ರೈಡಿನ ಎಷ್ಟನೇ ಸೆಕೆಂಡು, ರೈಡರಿನ ಯಾವ ಕಾಲು, ಕವರಿನವ ಎಲ್ಲಿದ್ದ, ಹಿಡಿದನಾ ಬಿಟ್ಟನಾ. ಐದಾರು ಮ್ಯಾಚ್ ಆಗುವಾಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ರೈಡರ್ ಬೋನಸಿಗೆ ಕಾಲು ಚಾಚಿದ ಹಾಗೆ ಮಾಡಿದರೆ ಸಾಕು, ಇವನು ಹಾರುತ್ತಾನೆ. ಕವರಿನವ ಬರುವ ಮೊದಲೇ. ಅವನು ಬಿಟ್ಟ ಆಂಕಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ ಹತ್ತು ಸೆಕೆಂಡಿನ ಒಳಗಿನದ್ದು. ತೋರಿಸಿದೆವು. ಅವನು ವಿಡಿಯೋವನ್ನು ಹಿಂದೆ ಮುಂದೆ ಮಾಡಿ ನಾಲ್ಕು ಸಲ ನೋಡಿ, "ಟ್ರಯಲ್ಸಿನಲ್ಲೂ ಹೀಗೇ ಮಾಡಿದ್ದೆ" ಅಂದ.

ಅಮೆರಿಕದಲ್ಲಿ ಮೈಕ್ ಪಿಯಾಝಾ ಅಂತ ಒಬ್ಬ ಇದ್ದ. 1988ರ ಡ್ರಾಫ್ಟಿನಲ್ಲಿ ಅವನ ಹೆಸರು ಬಂದದ್ದು 62ನೇ ಸುತ್ತಿನಲ್ಲಿ, 1390ನೆಯವನಾಗಿ. ಅದೂ ಅಪ್ಪನ ಸ್ನೇಹಿತರೊಬ್ಬರು ಹೇಳಿದ್ದಕ್ಕೆ. 2016ರಲ್ಲಿ ಅವನು ಬೇಸ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದ. ಈ ಕತೆಯನ್ನು ಕಾರ್ನರ್‌ಗೆ ಹೇಳಿದಾಗ ಅವನು ಕೇಳಿದ್ದು, "ಉಳಿದ 1389 ಮಂದಿ ಎಂತ ಮಾಡಿದ್ರು?" ಅಂತ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವನೇ ನಗಾಡಿ, "ನಾಳೆ ಸರ್ವೇಯಿಂಗ್ ಲ್ಯಾಬ್ ಉಂಟು" ಅಂತ ಎದ್ದು ಹೋದ.

ಈ ಜನವರಿಯಲ್ಲಿ ಊರಿನ ಒಂದು ಪಂದ್ಯಾಟ. ಸೆಮಿಫೈನಲ್ ಶುರುವಾಗುವಾಗ ರಾತ್ರಿ ಎರಡು ಗಂಟೆ ಕಳೆದಿತ್ತು. ಅಂಕಣದಲ್ಲಿ ಇವರ ಕಡೆ ಉಳಿದದ್ದು ಮೂರೇ ಜನ. ಎದುರಿನ ರೈಡರ್ ಎರಡು ಸಲ ಕಾಲು ಚಾಚಿದ ಹಾಗೆ ಮಾಡಿದ. ಕಾರ್ನರ್ ಅಲುಗಾಡಲಿಲ್ಲ. ಅವನ ಅಪ್ಪ ಆಚೆ ಬದಿಯಲ್ಲಿ ಮಂಡೆಗೆ ಬೈರಾಸು ಕಟ್ಟಿಕೊಂಡು ನಿಂತಿದ್ದರು. ರೈಡರ್ ಸಮಯ ಮುಗಿಯಿತೆಂದು ಹಿಂದೆ ತಿರುಗುವ ಹೊತ್ತಿಗೆ ಇವನು ಆಂಕಲ್ ಹಿಡಿದ, ಕವರಿನವ ಮೇಲೆ ಬಿದ್ದ. ಸೂಪರ್ ಟ್ಯಾಕಲ್.

ನಮ್ಮ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಹಿರಿಯರೊಬ್ಬರು ನಮ್ಮ ಕಡೆ ತಿರುಗಿ, "ಈ ಹುಡುಗ ಬರುವ ವರ್ಷ ಪ್ರೊಗೆ ಹೋಗ್ತಾನೆ ನೋಡಿ. ಯಾವ ಟೀಮಿಗೆ ಹೋಗಬಹುದು?" ಅಂತ ಕೇಳಿದರು.

ನಮ್ಮ ಬಾಯಿಯ ತುದಿಗೆ ಬಂದಿತ್ತು. ನುಂಗಿಕೊಂಡೆವು. "ಗೊತ್ತಿಲ್ಲ ಅಣ್ಣ" ಅಂದು ಮೊಬೈಲಿನಲ್ಲಿ ಸಾಲು ತುಂಬಿಸಿದೆವು: 26ನೇ ಸೆಕೆಂಡು, ಬಲಗಾಲು, ಕವರ್ ಹತ್ತಿರ, ಹಿಡಿದ, 2 ಪಾಯಿಂಟ್.