ಟ್ರೇಲರಿನಾಗ ನಮ್ಮತ್ತಿ ಸಂಸಾರ

ಟೆಕ್ಸಾಸಿನ ಇಂಕ್ಸ್ ಲೇಕ್ ಸ್ಟೇಟ್ ಪಾರ್ಕಿಗೆ ಟ್ರೇಲರ್ ಕಟಗೊಂಡು ಹೋಗಿದ್ವಿ. ನಳಾ, ಕರೆಂಟು ಎರಡೂ ನಮ್ಮ ಜಾಗಾದಾಗೇ ಇದ್ದವು. ಆದ್ರ ನೋಡ್ರಿ, ಪಾತ್ರಿ ತೊಳದ ನೀರು, ಜಳಕದ ನೀರು ಎಲ್ಲಾ ಟ್ರೇಲರ್ ಕೆಳಗಿನ ಟ್ಯಾಂಕಿನಾಗ ಕೂಡತದ. ನೆಲಕ್ಕ ಚೆಲ್ಲೂ ಹಂಗಿಲ್ಲ. ಅದು ತುಂಬಿದ್ರ ಇಡೀ ಟ್ರೇಲರ್ ಎಳಕೊಂಡು ಡಂಪ್ ಸ್ಟೇಷನ್ನಿಗೆ ಹೋಗಬೇಕು.

ಇದನ್ನ ಕೇಳಿ ಅತ್ತಿ ನಕ್ಕರು. ಬಾದಾಮಿ ಕಡೆ ಹಳ್ಯಾಗ ಕೊಡಾ ಹೊತ್ತು ನೀರು ತಂದು ಸಂಸಾರ ಮಾಡಿದವರು ಅವರು. ತಾಟು ಮೊದಲು ಕಾಗದದಿಂದ ಒರಸಿ, ಒಂದ ಬೋಗಾಣಿ ನೀರಾಗ ಎಲ್ಲಾ ತೊಳದ್ರು. ಮೂರು ದಿನಾ ಟ್ಯಾಂಕ್ ತುಂಬಲಿಲ್ಲ.

ಅಮೆರಿಕಾಕ್ಕ ಬಂದಾಗಿಂದ "ಇಲ್ಲಿ ನನಗೇನ ಕೆಲಸ ಅದ?" ಅಂತ ಕೂತಲ್ಲೇ ಕೊರಗತಿದ್ದ ಅತ್ತಿ, ಕಡೀ ದಿನಾ ಮೊಮ್ಮಗಳ ಮುಂದ ನಳಾ ಸಣ್ಣ ಮಾಡಿ, "ಹಿಂಗ ನೋಡವಾ, ಇಷ್ಟ ಸಾಕು" ಅಂತಿದ್ರು.